ತೂಕ ಬಲ್ಲ ಸೀಟು

ಆ ಭಾನುವಾರ ಬೆಳಿಗ್ಗೆ ನಿಂಗರಾಜ್ ಬಾಯಿ ಮುಚ್ಚಿಕೊಂಡು ಕೂತಿದ್ದರೆ ಇಷ್ಟೊತ್ತಿಗೆ ಅವನ ಲಗ್ನಪತ್ರಿಕೆ ಅಚ್ಚಾಗಿರುತ್ತಿತ್ತು. ಆದರೆ ಅವನು ಹೊನ್ನಾಳಿಯ ಕಾಲೇಜೊಂದರಲ್ಲಿ ಭೌತಶಾಸ್ತ್ರದ ಮೇಷ್ಟ್ರು. ವಿವರಿಸದೆ ಇರಲು ಬರುವುದಿಲ್ಲ, ಪಾಪ.

ಅವನಿಗೂ ಜೊತೆಯಲ್ಲೇ ಪಾಠ ಮಾಡುವ ಚೌಡೇಶ್ವರಿಗೂ ಮನಸ್ಸು ಕೂಡಿತ್ತು. ಅಡ್ಡ ನಿಂತವರು ಅವಳಪ್ಪ ಶಿವಮೂರ್ತಪ್ಪ. ನ್ಯಾಮತಿ, ಚನ್ನಗಿರಿ ಕಡೆಗೆ ಓಡುವ ಬಸ್ಸುಗಳ ಮಾಲೀಕರು. "ಅದೇನೋ ಸಂಶೋಧನೆ ಅಂತಾನಲ್ಲ, ನಮ್ಮ ಡ್ರೈವರ್‌ಗಳ ಸೊಂಟಕ್ಕೆ ಹಿತ ಆಗೋ ಒಂದು ಸೀಟು ಮಾಡಿ ತೋರಿಸ್ಲಿ. ಆಮ್ಯಾಲೆ ಮದುವಿ ಮಾತು" ಎಂದಿದ್ದರು.

ಸೀಟು ತಯಾರಾಗಿ ನಿಂಗರಾಜನ ಮನೆಮುಂದಿನ ಕಟ್ಟೆಗೆ ಬಂದಿತ್ತು. ಮಧ್ಯಾಹ್ನ ಶಿವಮೂರ್ತಪ್ಪ ನೋಡಲು ಬರುವವರಿದ್ದರು.

ಮೊದಲು ಕೂತವನು ಪಕ್ಕದ ಮನೆಯ ಕಡ್ಡಿ ಪೈಲ್ವಾನ್ ಧರ್ಮಪ್ಪ. "ಇದೇನ್ರೀ ಮೇಷ್ಟ್ರೆ, ಬೀಸೋ ಕಲ್ಲಿನ ಮ್ಯಾಲೆ ಕುಂತಂಗೈತೆ!"

ಅವನನ್ನು ಎಬ್ಬಿಸಿ ಎದುರು ಮನೆಯ ನಿರ್ಮಲಮ್ಮ ಕೂತರು. ಸೀಟು ಮೆಲ್ಲಗೆ ಇಳಿಯಿತು. "ಅಯ್ಯೋ ನಮ್ಮವ್ವ, ಹತ್ತಿ ಹತ್ತಿ!"

"ಎರಡೂ ನಿಜಾನೇ ರೀ" ಎಂದು ನಿಂಗರಾಜ್ ಹುರುಪಿನಿಂದ ಶುರುಮಾಡಿದ. "ಕೆಳಗಿನ ಉಕ್ಕಿನ ಕೊಳವೆಯಾಗೆ ನೀರೈತೆ, ಜೊತೀಗೆ ನೀರು ಕಂಡ್ರೆ ಆಗದ ಒಂದು ಪುಡಿ ಐತೆ. ಪುಡಿ ತುಂಬಾ ತೂತು, ಕೂದಲೆಳೇನ ಸಾವಿರಾರು ಸಲ ಸೀಳಿದ್ರೂ ಅಷ್ಟು ಸಣ್ಣ ಆಗಲ್ಲ. ಸುಮ್ನೆ ಬಿಟ್ರೆ ನೀರು ಅದರೊಳಗೆ ಕಾಲಿಡಲ್ಲ. ಒತ್ತಡ ಬೇಕಾದಷ್ಟಾದ್ರೆ ಮಾತ್ರ ನುಗ್ತೈತೆ, ಆಗ ಸೀಟು ಇಳೀತೈತೆ. ಅಂದ್ರೆ, ತೂಕ ಇದ್ದೋರಿಗೆ ಮೆತ್ತಗೆ, ಇಲ್ದೋರಿಗೆ ಗಟ್ಟಿ!"

ಆ ಕೊನೆಯ ಮಾತೇ ಕುತ್ತು ತಂದದ್ದು. ನಿರ್ಮಲಮ್ಮ ದಡಕ್ಕನೆ ಎದ್ದರು. "ನಾನೆಲ್ಲಿ ಹತ್ತಿ ಅಂದೆ? ಕಲ್ಲು! ಸೊಂಟ ಮುರೀತು."

ಸುದ್ದಿ ಓಣಿಯೆಲ್ಲ ಹಬ್ಬಿತು. ಬಂದವರೆಲ್ಲ ಕೂತು ನೋಡಿದರು. ಸೀಟು ಉಸ್ಸೆಂದು ಇಳಿಯುತ್ತಿತ್ತು, ಕೂತವರು ಹಲ್ಲು ಕಚ್ಚಿ 'ಕಲ್ಲು' ಎನ್ನುತ್ತಿದ್ದರು. ನಿಂಗರಾಜನ ತಾಯಿ ಉಚ್ಚಂಗೆಮ್ಮ ಕೂಡ ಹಾಯಾಗಿ ಕೂತೆದ್ದು, "ಸ್ವಲ್ಪ ಗಟ್ಟಿ ಐತಪ್ಪ" ಎಂದುಬಿಟ್ಟರು. ಹೆತ್ತವಳೇ ಕೈಬಿಟ್ಟಿದ್ದಳು.

ಮಧ್ಯಾಹ್ನ ಶಿವಮೂರ್ತಪ್ಪ ಮಗಳೊಂದಿಗೆ ಬಂದರು. ಕಾರಿನಿಂದ ಮೊದಲು ಹೊಟ್ಟೆ ಇಳಿಯಿತು, ಆಮೇಲೆ ಅವರು. ಕೂತರು. ಸೀಟು ಇಳಿಯಿತು, ಇನ್ನೂ ಇಳಿಯಿತು. ಅವರ ಕಣ್ಣು ತಾನಾಗಿ ಮುಚ್ಚಿತು. "ಆಹಾ, ಅವ್ವನ ತೊಡೆ ಮ್ಯಾಲೆ ಕುಂತಂಗೈತೆ!" ಹಿಂದೆಯೇ ಒಂದು ಸಣ್ಣ ಗೊರಕೆಯೂ ಬಂತು. ಚೌಡೇಶ್ವರಿ ಅವನತ್ತ ನೋಡಿ ನಕ್ಕಳು. ಗೆದ್ದೆ ಎಂದುಕೊಂಡ ನಿಂಗರಾಜ್.

"ಸಾವ್ಕಾರ್ರೆ" ಎಂದು ಧರ್ಮಪ್ಪ ಬಾಯಿ ಹಾಕಿದ, "ಮೆತ್ತಗೈತೆ ಅಂದ್ರೆ ಕುಂತೋರ ತೂಕ ಜಾಸ್ತಿ ಅಂತ ಅರ್ಥ. ಮೇಷ್ಟ್ರೇ ಹೇಳಿದ್ದು."

ಶಿವಮೂರ್ತಪ್ಪನವರ ಕಣ್ಣು ಪಟ್ಟನೆ ತೆರೆಯಿತು. ಓಣಿಯೆಲ್ಲ ಅವರ ಹೊಟ್ಟೆಯನ್ನೇ ನೋಡುತ್ತಿತ್ತು. "ಯಾವನು ಮೆತ್ತಗೆ ಅಂದೋನು? ಕಲ್ಲೈತೆ, ಕಲ್ಲು!" ಎನ್ನುತ್ತ ಎದ್ದುನಿಂತರು. ಸೀಟು ಮಾತ್ರ ಮೇಲೇಳಲಿಲ್ಲ, ಇಳಿದಲ್ಲೇ ಇತ್ತು.

ಆಗಲಾದರೂ ಮಹಾರಾಯ ಸುಮ್ಮನಿರಬೇಕಿತ್ತು. ಪ್ರಯೋಗ ಕಣ್ಣೆದುರು ನಡೆಯುವಾಗ ಮೇಷ್ಟ್ರಿಗೆ ಮಾವನೂ ಕಾಣಲಿಲ್ಲ, ಮದುವೆಯೂ ಕಾಣಲಿಲ್ಲ. "ನೋಡ್ರಿ, ನೋಡ್ರಿ! ಮಿಕ್ಕೋರು ಎದ್ದಾಗ ಸೀಟೂ ಏಳ್ತಿತ್ತು. ಈಗ ನೀರು ಎಷ್ಟು ಒಳಗೆ ನುಗ್ಗೈತೆ ಅಂದ್ರೆ ವಾಪಸ್ ಬರಾಕೇ ಒಲ್ಲೆ ಅಂತೈತೆ! ಇಂಥಾ ಒತ್ತಡ ನಮ್ಮ ಲ್ಯಾಬಿನಾಗೂ ಸಿಕ್ಕಿರ್ಲಿಲ್ರೀ!"

ಓಣಿಗೆ ಓಣಿಯೇ ಬಿದ್ದು ಬಿದ್ದು ನಕ್ಕಿತು. ಚೌಡೇಶ್ವರಿ ಹಣೆ ಚಚ್ಚಿಕೊಂಡಳು. "ನಡಿಯವ್ವ ಮನಿಗೆ" ಎಂದು ಶಿವಮೂರ್ತಪ್ಪ ಗುಡುಗಿದರು. ಕಾರು ಧೂಳೆಬ್ಬಿಸಿಕೊಂಡು ಹೋಯಿತು.

ಸಂಜೆ ಚೌಡೇಶ್ವರಿಯ ಫೋನು ಬಂದಾಗ ನಿಂಗರಾಜನಿಗೆ ಹೋದ ಜೀವ ಬಂದಂತಾಯಿತು.

"ಅಪ್ಪಾಜಿ ಸಿಟ್ಟು ಇಳೀತಾ?"

"ಎಲ್ಲಿ ಇಳೀತೈತೆ? ಈ ಜನ್ಮದಾಗೆ ನಿಮ್ಮ ಮನಿಗೆ ಹೆಣ್ಣು ಕೊಡಲ್ಲ ಅಂತ ದೇವರ ಮುಂದೆ ಆಣೆ ಮಾಡ್ಯಾರೆ." ಆಮೇಲೆ ದನಿ ತಗ್ಗಿಸಿ ಹೇಳಿದಳು, "ಇನ್ನೊಂದು ಮಾತು ತಿಳ್ಸಾಕೆ ಹೇಳ್ಯಾರೆ."

"ಏನಂತೆ?"

"ಕತ್ತಲಾದ ಮ್ಯಾಲೆ, ಯಾರಿಗೂ ಕಾಣ್ದಂಗೆ, ಆ ಸೀಟನ್ನ ನಮ್ಮ ಹಿತ್ತಲ ಬಾಗ್ಲಾಗೆ ಇಟ್ಟು ಹೋಗ್ಬೇಕಂತೆ."