ಮೂರಡಿ ಪಾತಿಯ ನಾಲ್ಕು ಕ್ರಿಸ್ಮಸ್ ಮರಗಳು

"ಮುಕುಂದಯ್ಯನ ಮನೆ ಯಾವುದು ಅಂತ ಇನ್ನು ಈ ಬೀದೀಲಿ ಯಾರೂ ಕೇಳಬೇಕಾಗಿಲ್ಲ!"

ಹೀಗೆಂದು ಸಾರಿದವನು ಸಾಕ್ಷಾತ್ ಮುಕುಂದಯ್ಯನೇ. ತೀರ್ಥಹಳ್ಳಿಯಲ್ಲಿ ಹೊಸ ಮನೆ ಕಟ್ಟಿಸಿದ್ದ ಎಪ್ಪತ್ನಾಲ್ಕನೇ ಇಸವಿ ಅದು. ಶಿವಮೊಗ್ಗದಿಂದ ಬಸ್ಸಿನಲ್ಲಿ, ಎಳೆಮಕ್ಕಳ ಹಾಗೆ ತೊಡೆಯ ಮೇಲಿಟ್ಟುಕೊಂಡು ನಾಲ್ಕು ಕ್ರಿಸ್ಮಸ್ ಗಿಡ ತಂದಿದ್ದ. ಜಗಲಿಗೂ ಗೇಟಿಗೂ ನಡುವಿದ್ದ ಪಾತಿಯ ಅಗಲ ಬರೀ ಮೂರಡಿ.

"ಅಬ್ಬಲಿಗೆ ಹಾಕಿದ್ರೆ ಸಾಕಿತ್ತು," ಎಂದಳು ಹೆಂಡತಿ ಸರೋಜ. "ಇವು ಮರ ಆಗೋವಲ್ವಾ? ಆಮೇಲೆ ಎಲ್ಲಿಗೆ ಹೋಗ್ತಾವೆ?"

"ಮೇಲಕ್ಕೆ! ಆಕಾಶಕ್ಕೇನು ಬೇಲಿ ಹಾಕಿದ್ದಾರಾ?"

ಮೇಲಕ್ಕೂ ಹೋದವು, ಅಕ್ಕಪಕ್ಕಕ್ಕೂ ಹೋದವು. ಒಂಬತ್ತು ವರ್ಷದಲ್ಲಿ ಚೂಪೆಲೆಯ ರೆಂಬೆಗಳು ಮೆಟ್ಟಿಲಿಗೆ ಅಡ್ಡಲಾಗಿ ಹೆಣೆದುಕೊಂಡವು. ಅಂಚೆಯವನು ಕಾಗದವನ್ನು ರಸ್ತೆಯಿಂದಲೇ ಎಸೆಯತೊಡಗಿದ. ಒಂದೇ ಒಂದು ರೆಂಬೆ ಸವರಿ ಎಂದರೆ, "ಅಂದ ಕೆಡುತ್ತೆ!" ಎನ್ನುತ್ತಿದ್ದ ಮುಕುಂದಯ್ಯ.

ಒಂದು ಭಾನುವಾರ ಮಧ್ಯಾಹ್ನ ಅವನ ತಾಯಿ ಮೂಕಮ್ಮ ಎದೆ ಹಿಡಿದುಕೊಂಡು ಕುಸಿದರು. ಪಕ್ಕದ ಮನೆಯ ಹೂವಯ್ಯ ಜೀಪು ತಂದು ಗೇಟಿಗೆ ನಿಲ್ಲಿಸಿದ. ಮುದುಕಿಯನ್ನು ಕುರ್ಚಿಯಲ್ಲಿ ಕೂರಿಸಿ ಎತ್ತಿಕೊಂಡರೆ, ಕುರ್ಚಿ ರೆಂಬೆಗಳ ನಡುವೆ ಸಿಕ್ಕಿಬಿತ್ತು. ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ!

"ಅಯ್ಯಯ್ಯೋ, ಚುಚ್ಚುತ್ತೆ ಕಣೋ!" ಎಂದರು ಮೂಕಮ್ಮ.

ಹೇಗೋ ಬಿಡಿಸಿಕೊಂಡು, ಅಡುಗೆಮನೆ ದಾಟಿ, ಬಚ್ಚಲು ಸುತ್ತಿ, ಹೂವಯ್ಯನ ಬೇಲಿ ಕಿತ್ತು ಅವರನ್ನು ಜೀಪಿಗೆ ಮುಟ್ಟಿಸಿದರು. ಹತ್ತಲು ಹೋದ ಗಂಡನನ್ನು ಸರೋಜ ತಡೆದಳು. ಅವಳ ಕಣ್ಣು ಕೆಂಪಾಗಿತ್ತು.

"ನೀವು ಬರೋದು ಬೇಡ. ನಿಮ್ಮ ಮರ ಕಾಯ್ತಾ ಇಲ್ಲೇ ಇರಿ!"

ಜೀಪು ಹೋಯಿತು. ಮುಕುಂದಯ್ಯ ನಡುರಸ್ತೆಯಲ್ಲಿ ನಿಂತ. ಅಮ್ಮ ಇನ್ನು ಬಾರದಿದ್ದರೆ? ಒಳಗೆ ಹೋಗಿ ಕೊಡಲಿ ತಂದ. ತಾನೇ ನೀರುಣಿಸಿ ಬೆಳೆಸಿದ ಮರಗಳನ್ನು ಅಳುತ್ತಳುತ್ತಲೇ ಕಡಿದ. ಅಂಗೈ ಬೊಬ್ಬೆ ಬಂದು ಒಡೆದರೂ ನಿಲ್ಲಿಸಲಿಲ್ಲ. ಮೂರು ಮರ ಪಾತಿಯ ಉದ್ದಕ್ಕೇ ಸಾಲಾಗಿ ಮಲಗಿದವು. ನಾಲ್ಕನೆಯದು ಮಾತ್ರ ಗಿರಕಿ ಹೊಡೆದು, ಗೇಟನ್ನೂ ಗೇಟಿನ ಕಂಬವನ್ನೂ ಅಪ್ಪಿಕೊಂಡು ದಡಾರನೆ ಉರುಳಿತು.

ಅದನ್ನು ಎಳೆಯುತ್ತಾ ಏದುಸಿರು ಬಿಡುತ್ತಿರುವಾಗಲೇ ಜೀಪಿನ ಹಾರನ್ ಕೇಳಿಸಿತು. ಮುಂದಿನ ಸೀಟಿನಲ್ಲಿ ಮೂಕಮ್ಮ ಬಾಯಿತುಂಬ ಎಲೆಯಡಿಕೆ ಹಾಕಿಕೊಂಡು ಕೂತಿದ್ದರು!

"ಬರೀ ಗ್ಯಾಸಂತೆ. ಎರಡು ಮಾತ್ರೆ ಕೊಟ್ರು," ಎಂದಳು ಸರೋಜ. ಆಮೇಲೆ ಗೇಟು ನೋಡಿದಳು. "ಮತ್ತೆ ಬೇಲಿ ದಾಟಬೇಕಾ?"

ಮುಕುಂದಯ್ಯ ಬೊಬ್ಬೆಯೆದ್ದ ಕೈ ಜೋಡಿಸಿದ. "ಅಮ್ಮಾ, ನಿನಗೋಸ್ಕರವೇ ಕಡಿದೆ!"

ಮೂಕಮ್ಮ ಬಿದ್ದ ಮರವನ್ನೂ ಮಗನನ್ನೂ ಒಮ್ಮೆ ನೋಡಿ, ಎಲೆಯಡಿಕೆ ಉಗಿದರು.

"ಹುಷಾರಿಲ್ಲದಾಗ ಹೊರಗೆ ಹೋಗೋಕೆ ಬಿಡ್ಲಿಲ್ಲ. ಹುಷಾರಾದ ಮೇಲೆ ಒಳಗೆ ಬರೋಕೆ ಬಿಡ್ತಿಲ್ಲ. ನಿನ್ನ ಮನಸ್ಸಲ್ಲಿ ಎಂತ ಇದೆ ಅಂತ ಬಾಯಿಬಿಟ್ಟು ಹೇಳು ಮಾರಾಯ!"