ಹೆದರಿ ಹೆದರಿ ಕೊಂಡ ಕಾರು

ನಮ್ಮ ಸೋದರಮಾವನಷ್ಟು ಶ್ರದ್ಧೆಯಿಂದ ಹೆದರುವ ಮನುಷ್ಯ ದೊಡ್ಡಬಳ್ಳಾಪುರದಲ್ಲಿ ಇನ್ನೊಬ್ಬರಿರಲಿಲ್ಲ. ಬೇರೆಯವರು ಹಾವು ಕಂಡರೆ ಹೆದರುತ್ತಾರೆ. ಮಾವ ಹಾವು ಕಾಣದಿದ್ದರೆ ಹೆದರುತ್ತಿದ್ದರು! "ಕಂಡ್ರೆ ಎಲ್ಲಿದೆ ಅಂತ ಗೊತ್ತಾಗತ್ತೆ. ಕಾಣ್ದೇ ಇದ್ರೆ ಎಲ್ಲಿ ಬೇಕಾದ್ರೂ ಇರಬಹುದಲ್ಲ?" ಎನ್ನುತ್ತಿದ್ದರು. ಇದಕ್ಕೆ ನೀವಾದರೂ ಏನು ಉತ್ತರ ಕೊಡುತ್ತೀರಿ?

ಅತ್ತೆ ಒಲೆಯ ಮೇಲೆ ಕುಕ್ಕರ್ ಇಟ್ಟರೆ ಸಾಕು, ಮಾವ ಎದ್ದು ಎದುರುಮನೆಯ ಜಗುಲಿಗೆ ಹೋಗಿ ಕೂರುತ್ತಿದ್ದರು. ಸೀಟಿಗಳೆಲ್ಲ ಮುಗಿದು, ಅತ್ತೆ ಬಾಗಿಲಿಗೆ ಬಂದು "ತಣ್ಣಗಾಯ್ತು, ಬನ್ರೀ" ಎಂದ ಮೇಲೇ ಊಟಕ್ಕೆ ಬರುವುದು. ಅವರ ಮನೆಯ ಹಿಂದೆ ಅವರದೇ ಸೀರೆ ನೇಯುವ ಪವರ್‌ಲೂಮ್‌ಗಳು ಹಗಲೆಲ್ಲ ಕಿವಿ ಗಡಚಿಕ್ಕುವಂತೆ ಬಡಿದುಕೊಳ್ಳುತ್ತಿದ್ದವು. ಆ ಸದ್ದಿಗೆ ಅವರಿಗೆ ಭಯವಿಲ್ಲ. ಕರೆಂಟು ಹೋಗಿ ಎಲ್ಲ ಸುಮ್ಮನಾದರೆ ಮಾತ್ರ "ಏನಾಯ್ತು? ಯಾರಿಗೇನಾಯ್ತು?" ಎಂದು ಬೀದಿಗೆ ಓಡಿ ಬರುತ್ತಿದ್ದರು.

ಇನ್ನು ಬಸ್ಸು! ಮಾವ ಬಸ್ಸು ಹತ್ತಿದ್ದನ್ನು ನಾನು ಕಂಡೇ ಇಲ್ಲ. ಸೀರೆ ವ್ಯಾಪಾರಿಗಳೇ ಇವರ ಮನೆಗೆ ಬಂದು ಕೊಂಡುಹೋಗಬೇಕು. ಮದುವೆಗೆ ಕರೆಯಲು ಬಂದವರಿಗೆಲ್ಲ ಒಂದೇ ಉತ್ತರ: "ನಂಗೆ ಬಸ್ಸು ಅಂದ್ರೆ ಜೀವ ಹೋಗತ್ತೆ ಸ್ವಾಮಿ. ನನ್ನ ಬಿಟ್ಟು ಇವಳೊಬ್ಬಳು ಹೇಗೆ ಬರ್ತಾಳೆ?" ಅತ್ತೆಯ ತವರು ಸಾಸಲು, ಅದೇ ತಾಲ್ಲೂಕು. ಅಲ್ಲಿಗೂ ಹೋಗದೆ ವರ್ಷಗಳೇ ಕಳೆದಿದ್ದವು. ನಮ್ಮಮ್ಮನಿಗೆ ತಮ್ಮನ ಮೇಲೆ ಇದೊಂದೇ ಸಿಟ್ಟು. "ನಿನ್ನ ಪುಕ್ಕಲುತನಕ್ಕೆ ಅವಳು ತವರನ್ನೇ ಮರೀಬೇಕಾಯ್ತಲ್ಲೋ!" ಎಂದು ಎದುರಿಗೇ ಬೈಯುತ್ತಿದ್ದರು. ಮಾವ ಹಲ್ಲು ಬಿಡುತ್ತಿದ್ದರು. ಅತ್ತೆ ಏನೋ ಕೆಲಸ ನೆನಪಾದವರಂತೆ ಒಳಗೆ ಹೋಗುತ್ತಿದ್ದರು.

ಇಂಥ ಮಾವ ಒಂದು ದಿನ ನಮ್ಮ ಮನೆಗೆ ಬಂದು, ನೀರು ಕುಡಿದು, ಲೋಟ ಕೆಳಗಿಟ್ಟು, "ಕಾರು ತಗೋತೀನಿ" ಎಂದುಬಿಟ್ಟರು! ಅಮ್ಮ ಅವರ ಹಣೆ ಮುಟ್ಟಿ ನೋಡಿದರು. ಜ್ವರ ಇರಲಿಲ್ಲ.

ಆಗಿನ್ನೂ ತೊಂಬತ್ತರ ದಶಕದ ಆರಂಭ. ನಮ್ಮ ಬೀದಿಗೆ ಕಾರು ಬಂದರೆ ಹೆಣ್ಣು ನೋಡಲು ಬಂದಿದ್ದಾರೆಂದೇ ಅರ್ಥ. ಹೈಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದ ನಾನು ಹಟ ಹಿಡಿದು ಡ್ರೈವಿಂಗ್ ಕಲಿತು ಹೊಸದಾಗಿ ಲೈಸೆನ್ಸ್ ಪಡೆದಿದ್ದೆ. ಓಡಿಸಲು ಕಾರಿರಲಿಲ್ಲ, ಅಷ್ಟೇ.

"ಗಾಡಿ ನೋಡಕ್ಕೆ ನೀನೇ ಬಾ. ನೀನೇ ಓಡಿಸ್ಬೇಕು" ಎಂದರು ಮಾವ.

"ನಂಗೇ ಇನ್ನೂ ಕೈಕಾಲು ನಡುಗತ್ತೆ ಮಾವ. ಯಾರಾದ್ರೂ ಗಂಡಸರನ್ನ ಕರ್ಕೊಂಡು ಹೋಗಿ."

"ಗಂಡಸರಿಗೂ ನಡುಗತ್ತೆ ಕಣೇ. ಅವರು ತೋರಿಸ್ಕೊಳಲ್ಲ, ಜೋರಾಗಿ ಓಡಿಸ್ತಾರೆ. ನೀನು ಹೆದರ್ಕೊಂಡು ನಿಧಾನವಾಗಿ ಓಡಿಸ್ತೀಯ. ಅದಕ್ಕೇ ನೀನು ಬೇಕು."

ನನ್ನ ಚಾಲನಾ ಕೌಶಲಕ್ಕೆ ಈವರೆಗೆ ಸಿಕ್ಕ ಏಕೈಕ ಪ್ರಶಸ್ತಿ ಇದು.

ಮೊದಲು ಊರಿನ ಬ್ರೋಕರ್ ಒಬ್ಬ ಹೊಳೆಯುವ ಪುಟ್ಟ ಕಾರೊಂದನ್ನು ತೋರಿಸಿದ. "ಮೀಟರ್ ನೋಡಿ ಯಜಮಾನ್ರೇ, ಓಡೇ ಇಲ್ಲ!" ಎಂದ. ಮಾವನ ಮುಖ ಬಿಳಿಚಿತು. "ಯಾಕಪ್ಪಾ ಓಡಿಲ್ಲ? ಓಡಲ್ಲ ಅಂತ ತಾನೇ ಓಡ್ಸಿಲ್ಲ?" ಬ್ರೋಕರ್ ಬಾಯಿ ತೆರೆಯುವಷ್ಟರಲ್ಲಿ ಮಾವ ಬೀದಿಯ ತುದಿ ಮುಟ್ಟಿದ್ದರು.

ಎರಡನೆಯದು ದೇವನಹಳ್ಳಿಯಲ್ಲಿ, ನಿವೃತ್ತ ದನದ ಡಾಕ್ಟರೊಬ್ಬರ ಮನೆಯಲ್ಲಿತ್ತು. ನನ್ನ ಸಹೋದ್ಯೋಗಿಯೊಬ್ಬರ ಸ್ಕೂಟರ್ ಎರವಲು ಪಡೆದು, ಮಾವನನ್ನು ಹಿಂದೆ ಕೂರಿಸಿಕೊಂಡು ಹೋದೆ. ದಾರಿಯುದ್ದಕ್ಕೂ ಅವರು ಕಣ್ಣು ಬಿಟ್ಟಿರಲಿಲ್ಲವೆಂಬುದು ಇಳಿದ ಮೇಲೆ ಗೊತ್ತಾಯಿತು. ದೇವನಹಳ್ಳಿ ಕೋಟೆ ಎಲ್ಲಿ ಹೋಯಿತು ಎಂದು ಕೇಳಿದರು!

ಆ ಕಾರು ಹಿಂದೊಮ್ಮೆ ಬಿಳಿಯಾಗಿತ್ತು. ಡಾಕ್ಟರು ಅದರಲ್ಲಿ ನಲ್ಲೂರಿನಿಂದ ಹಿಡಿದು ಸುತ್ತಲ ಹಳ್ಳಿಗಳಿಗೆಲ್ಲ, ಹಸು ಕರು ಹಾಕುತ್ತದೆ ಎಂದರೆ ಹೊತ್ತುಗೊತ್ತಿಲ್ಲದೆ ಓಡಿದ್ದರು. ಒಳಗೆ ಇನ್ನೂ ಹಿಂಡಿ, ಬೂಸಾ, ಫಿನಾಯಿಲ್ ಸೇರಿದ ವಾಸನೆ. ಮೀಟರ್ ನೋಡಿದರೆ ಅಂಕಿ ತೀರ ಚಿಕ್ಕದು.

"ಅದನ್ನ ನಂಬಬೇಡಿ" ಎಂದರು ಡಾಕ್ಟರು ತಕ್ಷಣ. "ಲಕ್ಷ ದಾಟಿ ಮತ್ತೆ ಸೊನ್ನೆಯಿಂದ ಶುರುವಾಗಿದೆ. ಕ್ಲಚ್ ಸವೆದಿದೆ. ಮಳೆ ಬಂದ್ರೆ ಎಡಗಡೆ ಸೋರತ್ತೆ. ಸ್ಟೀರಿಂಗ್ ಬಲಕ್ಕೆ ತಿರುಗಿಸ್ದಾಗ ಹಾರ್ನ್ ತಾನೇ ಹೊಡ್ಕೊಳ್ಳತ್ತೆ. ಇಂಜಿನ್ ಮಾತ್ರ ಗಟ್ಟಿಮುಟ್ಟು."

ಮಾವ ನನ್ನನ್ನು ಪಕ್ಕಕ್ಕೆ ಎಳೆದರು. "ಇಷ್ಟೊಂದು ಹೇಳ್ತಾ ಇದಾರಲ್ಲೇ! ಹೇಳ್ದೇ ಇರೋದು ಇನ್ನೆಷ್ಟಿರ್ಬೇಕು?"

"ಡಾಕ್ಟ್ರೇ, ಯಾಕೆ ಮಾರ್ತಾ ಇದೀರಿ?" ಎಂದು ನಾನೇ ಕೇಳಿದೆ.

"ಕಣ್ಣು ಕಾಣಲ್ಲಮ್ಮ. ಹೋದ ತಿಂಗಳವರೆಗೂ ಅಂದಾಜಿನ ಮೇಲೆ ಓಡಿಸ್ತಿದ್ದೆ."

ಮಾವ ಮೆಲ್ಲಗೆ ಅಲ್ಲೇ ಕಟ್ಟೆಯ ಮೇಲೆ ಕುಳಿತರು. ಹೋದ ತಿಂಗಳು ಡಾಕ್ಟರು ನಮ್ಮೂರ ಕಡೆಗೇನಾದರೂ ಬಂದಿದ್ದರೋ ಎಂದು ವಿಚಾರಿಸಿ, ಇಲ್ಲವೆಂದು ಖಾತ್ರಿಯಾದ ಮೇಲೆಯೇ ಎದ್ದದ್ದು.

ಓಡಿಸಿ ನೋಡೋಣ ಎಂದು ಹೊರಟೆವು. ನನ್ನ ಪಕ್ಕದಲ್ಲಿ ಡಾಕ್ಟರು, ಹಿಂದೆ ಮಾವ. ಹಾರಲು ಅನುಕೂಲವಾಗಲೆಂದು ಬಾಗಿಲನ್ನು ಪೂರ್ತಿ ಹಾಕದೆ ಕೈಯಲ್ಲಿ ಹಿಡಿದುಕೊಂಡಿದ್ದರು. "ಮಗ್ಗ ಕೆಟ್ರೆ ನಿಂತ ಜಾಗದಲ್ಲೇ ನಿಲ್ಲತ್ತೆ. ಇದು ಕೆಟ್ರೆ ಲಾರಿ ಮುಂದೆ ನಿಲ್ಲತ್ತೆ" ಎಂದು ಗೊಣಗುತ್ತಿದ್ದರು.

ಊರು ದಾಟಿ ಇಳಿಜಾರಿಗೆ ಬಂದೆವು. ಎದುರಿನಿಂದ ಕಲ್ಲು ತುಂಬಿದ ಲಾರಿಯೊಂದು ಏರುತ್ತಿತ್ತು. ಇದ್ದಕ್ಕಿದ್ದಂತೆ ಢಬ್ ಎಂಬ ಸದ್ದು. ಕಾರಿನ ಬಾನೆಟ್ ಹಾರಿ ನಿಂತು ಗಾಜಿಗೆ ಬಡಿಯಿತು. ರಸ್ತೆ, ಲಾರಿ, ಆಕಾಶ ಎಲ್ಲವೂ ಮಾಯ! ಕಣ್ಣ ಮುಂದೆ ತಗಡು ಮಾತ್ರ. ಲಾರಿಯ ಹಾರ್ನ್ ಹತ್ತಿರವಾಗುತ್ತಿತ್ತು. ನಾನು ಕಿರುಚಿದೆ. ಡಾಕ್ಟರು ಕನ್ನಡಕ ಹಿಡಿದುಕೊಂಡರು. ಮಾವ ಹಾರಿಕೊಂಡರು ಎಂದೇ ತಿಳಿದೆ.

"ಎಡಕ್ಕೆ" ಎಂಬ ದನಿ ಕೇಳಿತು. ಮಾವ ಬಲಗಡೆಯ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ರಸ್ತೆ ನೋಡುತ್ತಿದ್ದರು. "ಸ್ವಲ್ಪ ಎಡಕ್ಕೆ ಪುಟ್ಟಿ. ಸಾಕು. ಬ್ರೇಕು ಒಂದೇ ಸಲ ತುಳೀಬೇಡ. ಹಾಂ, ಹಾಗೇ. ಲಾರಿ ಹೋಗ್ತಾ ಇದೆ, ಹೋಗ್ಲಿ. ಇನ್ನು ನಿಲ್ಲಿಸು." ಕುಕ್ಕರ್ ಸೀಟಿಗೆ ಮನೆ ಬಿಟ್ಟು ಓಡುವವರ ದನಿಯೇ ಇದು? ಅಷ್ಟು ತಣ್ಣಗಿತ್ತು.

ಕಾರು ಹುಣಸೆ ಮರದ ಕೆಳಗೆ ನಿಂತಿತು. ನಾನು ಸ್ಟೀರಿಂಗ್ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ. ಡಾಕ್ಟರು ನಾಚಿಕೆಯಿಂದ ಹೇಳಿದರು: "ಎಲ್ಲಾ ಹೇಳಿದ್ದೆ. ಬಾನೆಟ್ ಕೊಕ್ಕೆ ಸಡಿಲ ಅನ್ನೋದೊಂದು ಮರೆತುಹೋಯ್ತು. ಬೇಡ ಬಿಡಿ ಯಜಮಾನ್ರೇ, ಈ ಗಾಡಿ ತಗೋಬೇಡಿ."

"ತಗೋತೀನಿ" ಎಂದರು ಮಾವ.

ಅಳುತ್ತಿದ್ದ ನಾನೂ ತಲೆಯೆತ್ತಿದೆ.

"ಆಗಬಾರದ್ದು ಏನೇನು ಆಗಬಹುದು ಅಂತ ವರ್ಷಗಟ್ಟಲೆ ಯೋಚಿಸ್ದೋನು ನಾನು. ಇದು ನನ್ನ ಲೆಕ್ಕದಲ್ಲಿ ಇರ್ಲಿಲ್ಲ. ಇದೂ ಆಗೋಯ್ತು. ಇನ್ನೇನಿದೆ?"

ಮೆಕ್ಯಾನಿಕ್ ಹೊಸ ಕೊಕ್ಕೆ ಹಾಕಿಕೊಟ್ಟ. ಸಾಲದೆಂದು ಮಾವ ಮಗ್ಗದ ಹಳೆಯ ಚರ್ಮದ ಪಟ್ಟಿಯಿಂದ ಬಾನೆಟ್ಟನ್ನು ಬಿಗಿದು ಕಟ್ಟಿದರು. ಹಲ್ಲುನೋವಿಗೆ ದವಡೆಗೆ ಬಟ್ಟೆ ಕಟ್ಟಿಕೊಂಡವರಂತೆ ಕಾಣುತ್ತಿದ್ದ ಆ ಕಾರಿನಲ್ಲಿ ನಾವು ಮೊದಲು ಹೊರಟದ್ದು ಸಾಸಲಿಗೆ. ಅತ್ತೆಯ ಅಕ್ಕ ಹಾಸಿಗೆ ಹಿಡಿದಿದ್ದರು. ತಂಗಿಯ ಹೆಸರು ಹಿಡಿದು ಕೇಳುತ್ತಿದ್ದರಂತೆ.

ಹೊಸ ಸೀರೆಯುಟ್ಟು ಬಂದ ಅತ್ತೆ ಕಾರಿನ ಬಾಗಿಲ ಬಳಿ ನಿಂತುಬಿಟ್ಟರು. ಕಾಲೆತ್ತಿಡಲು ಆಗಲಿಲ್ಲ. ಹಣೆಯ ಮೇಲೆ ಬೆವರು. ಬೀದಿಯವರೆಲ್ಲ ನೋಡುತ್ತಿದ್ದರು. ಒಳಗೆ ಕೂತಿದ್ದ ಮಾವ ಎಲ್ಲರಿಗೂ ಕೇಳುವಂತೆ, "ಲೇ, ನಂಗೆ ಕೈಕಾಲು ತಣ್ಣಗಾಗ್ತಾ ಇದೆ. ಬೇಗ ಬಂದು ಕೈ ಹಿಡ್ಕೊಳೇ!" ಎಂದು ಕೂಗಿದರು. ಬೀದಿ ಗೊಳ್ಳೆಂದಿತು. ಆ ನಗೆಯ ನಡುವೆ ಅತ್ತೆ ಹೇಗೋ ಹತ್ತಿದರು.

ಕನ್ನಡಿಯಲ್ಲಿ ನೋಡಿದೆ. ನಡುಗುತ್ತಿದ್ದದ್ದು ಅತ್ತೆಯ ಕೈ. ಮಾವನ ಕೈ ಅದರ ಮೇಲೆ ಅಲುಗದೆ ಕೂತಿತ್ತು.

ಸಾಸಲಿನಲ್ಲಿ ಅಕ್ಕತಂಗಿಯರು ಕೆನ್ನೆಗೆ ಕೆನ್ನೆಯಿಟ್ಟು ಅತ್ತು, ಆಮೇಲೆ ನಕ್ಕರು. ಸಂಜೆ ಅಂಗಳದಲ್ಲಿ ಅತ್ತೆ ನನಗೆ ಹೇಳಿದರು: "ಮದುವೆಯಾದ ಹೊಸದರಲ್ಲಿ ದಾಬಸ್‌ಪೇಟೆ ಹತ್ರ ನಾನಿದ್ದ ಬಸ್ಸು ಮಗುಚಿಕೊಳ್ತು ಕಣೇ. ಜನದ ಕೆಳಗೆ ಸಿಕ್ಕಿ ಉಸಿರು ಕಟ್ಟಿತ್ತು. ಆಮೇಲೆ ಬಸ್ಸು ನೋಡಿದ್ರೇ ಅದೇ ನೆನಪು. ಹೊಸ ಸೊಸೆಗೆ ಹುಚ್ಚು ಅಂತಾರೆ ಅಂತ ನಿಮ್ಮಾವ ಎಲ್ಲಾ ತಮ್ಮ ಮೇಲೆ ಹಾಕ್ಕೊಂಡ್ರು. ಅವರು ಆ ಬಸ್ಸಲ್ಲೇ ಇರ್ಲಿಲ್ಲ." ಆಮೇಲೆ ನಕ್ಕು ಸೇರಿಸಿದರು: "ಕುಕ್ಕರ್ ಭಯ ಮಾತ್ರ ಅಪ್ಪಟ ಅವರದ್ದೇ."

ಹೊರಡುವಾಗ ಹೊಲದ ಮೇಲೆ ಬಿಸಿಲು ಇಳಿಯುತ್ತಿತ್ತು. ಮಾವ ಬೀಳ್ಕೊಡಲು ಬಂದವರ ಜೊತೆ ಮಾತಾಡುತ್ತ ನಿಂತಿದ್ದರು. ಅತ್ತೆ ಕಾರಿನ ಸುತ್ತ ಒಮ್ಮೆ ನೋಡಿ, ಸೆರಗು ಬಿಗಿದು, ತಾವೇ ಮೊದಲು ಹತ್ತಿ ಕುಳಿತರು. ಆಮೇಲೆ ತೆರೆದ ಬಾಗಿಲಿನಿಂದ ಕೈ ಚಾಚಿ ಗಟ್ಟಿಯಾಗಿ ಕರೆದರು:

"ಬನ್ರೀ, ಹೆದರ್ಬೇಡಿ. ನಾನಿದ್ದೀನಲ್ಲ."

ಮಾವ ವಿಧೇಯ ಹುಡುಗನಂತೆ ಆ ಕೈ ಹಿಡಿದುಕೊಂಡು ಹತ್ತಿದರು.