ಬಿಳಿಗುಡ್ಡಕ್ಕೆ ಹೋದ ಹಾಸಿಗೆ

ಅಂದು ಬೆಳಿಗ್ಗೆ ಎದ್ದು ಎಮ್ಮೆ ಕರೆದೆ. ಹಿತ್ತಲ ಬದನೆಗಿಡಕ್ಕೆ ನೀರು ಹೊಯ್ದೆ. ಲಾಟೀನಿನ ಗಾಜನ್ನು ಬೂದಿ ಹಾಕಿ ಉಜ್ಜಿದೆ. ಹರಿದ ಚೀಲ ಹೊಲಿದೆ. ಸಡಿಲವಾಗಿದ್ದ ಮಂಚದ ಹಗ್ಗ ಬಿಗಿದೆ. ಮಧ್ಯಾಹ್ನ ಉಂಡಾದ ಮೇಲೆ ಹೆಂಡತಿಗೆ ಗಂಭೀರವಾಗಿ ತಿಳಿಸಿದೆ: "ಗೌರೀ, ಇವತ್ತು ರಾತ್ರಿ ನಾನು ಬಿಳಿಗುಡ್ಡದ ಮೇಲೆ ಒಬ್ಬನೇ ಮಲಗ್ತೀನಿ."

"ಅದ್ಯಾಕೆ ಮತ್ತೆ ಮಂಚದ ಹಗ್ಗ ಬಿಗಿದ್ರಿ?" ಎಂದಳು.

ಗುಡ್ಡಕ್ಕೆ ಹೋಗಲು ಕಾರಣವಿತ್ತು. ಸೂರಿಗೆ ಬಿದಿರು ತರಲು ನಮ್ಮೂರ ಎತ್ತಿನಗಾಡಿಗಳು ಕಾಡಂಚಿನ ವೀರನಹೊಸಹಳ್ಳಿ ಕಡೆಗೆ ಹೊರಡುವುದಿತ್ತು. ಹತ್ತಿರದ ಗಾವಡಗೆರೆಯಿಂದ ಆಚೆ ಕಾಣದ ನನಗೆ ಒಮ್ಮೆ ಕಾಡು ನೋಡುವ ಆಸೆ. ಗಾಡಿಗಳ ಮುಂದಾಳು, ಪಕ್ಕದ ಮನೆಯ ಚಿಕ್ಕೇಗೌಡ ಒಪ್ಪಲಿಲ್ಲ.

"ಬಸಪ್ಪೋರೆ, ದಾರೀಲಿ ಬಯಲಲ್ಲೇ ಮಲಗ್ಬೇಕು. ನೀವು ಮನೆ ಮಂಚ ಬುಟ್ಟು ಮಲಗಿದೋರಲ್ಲ. ಮೊದ್ಲು ಬಿಳಿಗುಡ್ಡದ ಮ್ಯಾಲೆ ಒಬ್ರೇ ಒಂದು ರಾತ್ರಿ ಕಳೀರಿ. ಬೆಳಗಾಗೋಗಂಟ ಅಲ್ಲೇ ಇದ್ರೆ ಗಾಡೀಲಿ ಜಾಗ ನಿಮ್ದೇ ಕಣ್ರೀ!"

"ಇಷ್ಟೇನಾ?" ಎಂದೆ.

ಬಿಳಿಗುಡ್ಡ ಊರ ಹಿಂದೆಯೇ ಇದೆ. ಗೋಡೆಗೆ ಬಳಿಯುವ ಬಿಳಿಮಣ್ಣನ್ನು ಹೆಂಗಸರು ಅಗೆದು ತರುವುದು ಅಲ್ಲಿಂದಲೇ. ಮರವಿಲ್ಲ, ಪೊದೆಯಿಲ್ಲ, ಹುಲಿ ಅಡಗಲು ಜಾಗವಿಲ್ಲ. ನನ್ನ ಧೈರ್ಯಕ್ಕೆ ಹೇಳಿ ಮಾಡಿಸಿದ ಗುಡ್ಡ!

ಚಾಪೆ, ಹತ್ತಿಹಾಸಿಗೆ, ಎರಡು ದಿಂಬು, ಕಂಬಳಿ, ಕೊಡೆ, ಲಾಟೀನು, ಎರಡು ಮುದ್ದೆ, ಉಪ್ಪುಸಾರು, ಖಾರ, ಲಿಂಗಪೂಜೆಯ ಚೀಲ, ಒಂದು ಚೊಂಬು ನೀರು, ಇಷ್ಟನ್ನೂ ಕಟ್ಟಿಕೊಂಡೆ.

"ಒಂದು ಚೊಂಬು ಸಾಕೇನ್ರೀ?"

"ಒಬ್ಬ ಮನುಷ್ಯ ಎಷ್ಟು ಕುಡೀತಾನೆ?"

ಹೊತ್ತು ಮುಳುಗುವ ಮೊದಲೇ ಗುಡ್ಡ ಏರಿ ಹಾಸಿಗೆ ಬಿಡಿಸಿದೆ. ಕೆಳಗಿನ ಮಣ್ಣು ಹಿಟ್ಟಿನಷ್ಟು ನುಣುಪು. ಗಾಳಿ ತಂಪು. ಗೌಡನ ಗಾಡಿಯಲ್ಲಿ ಆಗಲೇ ಕೂತಷ್ಟು ಸಂತೋಷ! ಪೂಜೆಯಾಗದೆ ನಮ್ಮಲ್ಲಿ ಊಟವಿಲ್ಲ. ಕಾಲು ತೊಳೆದೆ, ಕೈ ತೊಳೆದೆ, ಮುಖ ತೊಳೆದೆ. ಲಿಂಗಕ್ಕೆ ನೀರೆರೆದೆ. ವಿಭೂತಿ ಕಲಸಿದೆ. ಪೂಜೆ ಸಾಂಗವಾಗಿ ನೆರವೇರಿತು. ಚೊಂಬೂ ಸಾಂಗವಾಗಿ ಖಾಲಿಯಾಯಿತು!

ಅದು ತಿಳಿದದ್ದು ಮೊದಲನೆಯ ಮುದ್ದೆಗೆ ಖಾರ ಹಚ್ಚಿ ನುಂಗಿದ ಮೇಲೆ. ಗೌರಿಯ ಕೈಖಾರ ನೆತ್ತಿಗೇರಿತು. ಕಣ್ಣಲ್ಲಿ ಧಾರಾಳವಾಗಿ ನೀರು ಬಂತು, ಆದರೆ ಅದು ಕುಡಿಯುವಂತಿರಲಿಲ್ಲ.

ಗುಡ್ಡದ ಬುಡದ ಕೆರೆಗೆ ಹೋಗಿ ಬಂದರಾಯಿತೆಂದು ಚೊಂಬು ಹಿಡಿದು ಇಳಿಯತೊಡಗಿದೆ. ಮೂರನೆಯ ಹೆಜ್ಜೆಗೆ ಕಾಲು ಜಾರಿತು. ಮಿಕ್ಕ ಗುಡ್ಡವನ್ನು ಕುಳಿತೇ ಇಳಿದೆ! ಚೊಂಬು ನನಗಿಂತ ಮೊದಲೇ ಕೆರೆ ಸೇರಿ ಮುಳುಗಿತು. ಅಲ್ಲಿ ಎಮ್ಮೆಗಳು ಆಗಷ್ಟೇ ಎದ್ದು ಹೋಗಿದ್ದವು. ಕುಡಿಯುವ ನೀರಲ್ಲ ಅದು.

ಮನೆಯ ದೀಪ ಹತ್ತಿರದಲ್ಲೇ ಕಾಣುತ್ತಿತ್ತು. ನೀರು ಕುಡಿದು ವಾಪಸು ಬರುವುದನ್ನು ಮಲಗಿದ್ದಕ್ಕೆ ಭಂಗವೆಂದು ಯಾರೂ ಹೇಳಲಾರರು. ಹಿತ್ತಲ ಬಾಗಿಲು ತಟ್ಟಿದೆ.

ಗೌರಿ ಕಿರುಚಿದಳು. ಆಮೇಲೆ ಗುರುತು ಹಿಡಿದು, "ಗೋಡೆಗೆ ಬಳಿಯೋ ಮಣ್ಣ ಮೈಗ್ಯಾಕೆ ಬಳ್ಕಂಡ್ರಿ?" ಎಂದಳು.

"ಮೆಲ್ಲಗೆ! ಗೌಡನಿಗೆ ಕೇಳ್ತದೆ. ಈಗಲೇ ವಾಪಸು ಹೋಗ್ತೀನಿ."

ಎರಡು ಚೊಂಬು ನೀರು ಕುಡಿದೆ. ಮೈ ತೊಳೆದೆ. ಸೊಂಟ ಸರಿಮಾಡಿಕೊಳ್ಳಲೆಂದು, ಅಷ್ಟಕ್ಕೇ, ಮಂಚದ ಮೇಲೆ ಒರಗಿದೆ. ಹಗ್ಗ ಬಲು ಚೆನ್ನಾಗಿ ಬಿಗಿದಿದ್ದೆ.

ಕಣ್ಣು ಬಿಟ್ಟಾಗ ಬಿಸಿಲು. ಬಾಗಿಲಲ್ಲಿ ಚಿಕ್ಕೇಗೌಡ, ತಲೆಯ ಮೇಲೆ ನನ್ನ ಹಾಸಿಗೆ!

"ಒಬ್ರೇ ಅವ್ರೆ ಅಂತ ಜೀವ ತಡೀನಿಲ್ಲ ಬಸಪ್ಪೋರೆ. ರಾತ್ರಿ ಆಚೆ ಮಗ್ಗಲ ದಾರೀಲಿ ಗುಡ್ಡ ಹತ್ತಿದೆ. ಲಾಟೀನು ಉರೀತಿತ್ತು, ನೀವಿಲ್ಲ. ಇಲ್ಲೇ ಎಲ್ಲೋ ಓಗವ್ರೆ, ಬತ್ತಾರೆ ಅಂತ ಕಾಯ್ತಾ ಕೂತೆ. ಕೂತೋನು ಮಲಗ್ಬುಟ್ಟೆ. ಏನು ಮೆತ್ತಗದೆ ಕಣ್ರೀ ನಿಮ್ಮಾಸಿಗೆ!"

ಆ ವಾರ ಗಾಡಿಗಳು ಹೊರಟವು. ಕೊಟ್ಟ ಮಾತಿಗೆ ಗೌಡ ತಪ್ಪಲಿಲ್ಲ. ಬೆಳಗಾಗುವವರೆಗೂ ಗುಡ್ಡದ ಮೇಲಿದ್ದವರಿಗೆ ಗಾಡಿಯಲ್ಲಿ ಜಾಗ ಕೊಟ್ಟ. ನನ್ನ ಹಾಸಿಗೆ ಕಾಡು ನೋಡಿಕೊಂಡು ಬಂತು.

ಆ ರಾತ್ರಿಯ ಊಟದ ವಿವರ: ಮೊದಲನೆಯ ಮುದ್ದೆ ನಾನು, ಎರಡನೆಯದು ಗೌಡ. ಮೊದಲು ನಿದ್ದೆಹೋದವನು? ಆ ವಿಷಯದಲ್ಲಿ ಇಡೀ ಊರಿನಲ್ಲಿ ನನ್ನನ್ನು ಮೀರಿಸಿದವರಿಲ್ಲ!